ಮೂರನೇ ದಾರಿಯ ತಿರುವು

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತಾ? ನಿನ್ನ ಫೋನ್ ಬಂದರೆ ಅಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡುತ್ತಾಳೆ. ಆಮೇಲೆ ಹೊರಗೆ ಬಂದು "ಚೆನ್ನಾಗಿದ್ದಾಳಂತೆ" ಎಂಬ ಒಂದೇ ಮಾತನ್ನು ನನ್ನ ಮುಂದೆ ಬಿಸಾಕಿ ಅಡುಗೆಮನೆ ಸೇರುತ್ತಾಳೆ. ಎಂಟು ವಾರದಿಂದ ಆ ಒಂದು ಮಾತಿನಲ್ಲೇ ನಾನು ದಿನ ದೂಡುತ್ತಿದ್ದೇನೆ. ನಾನು ಫೋನ್ ಮಾಡಿದರೆ ಎರಡು ಸಲ ರಿಂಗಾಗಿ ಕಟ್ ಆಗುತ್ತದೆ. ಆಗಲಿ ಬಿಡು, ಅದಕ್ಕೇ ಈ ಕಾಗದ. ಇದನ್ನು ನೀನು ಹರಿದು ಹಾಕಬಹುದು, ಆದರೆ ಚಿಕ್ಕಂದಿನಿಂದಲೂ ನೀನು ಏನನ್ನೂ ಓದದೆ ಹರಿದವಳಲ್ಲ. ಸೈಕಲ್ ಗೋದಾಮಿನಲ್ಲಿ ಚಕ್ರ ಜೋಡಿಸುವ ಕೆಲಸವಂತೆ, ದಿನವಿಡೀ ನಿಂತೇ ಇರಬೇಕಂತೆ. ಬೆಟ್ಟದಲ್ಲಿ ಮೂರು ಸೈಕಲ್ ದಾರಿ ಕಡಿದವಳು ಟ್ಯೂಬ್‌ಲೈಟಿನ ಕೆಳಗೆ ನಿಂತು ಸ್ಪೋಕ್ ಕಡ್ಡಿ ಬಿಗಿಯುತ್ತಿದ್ದೀಯ ಎಂದರೆ ನನಗೆ ಹೊಟ್ಟೆ ಉರಿಯುತ್ತದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೋ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಸ್ವಲ್ಪ ಏರಿದೆ ಎಂದು ಡಾಕ್ಟರು ಹೇಳಿದರು. ಈ ಊರಿನಲ್ಲಿ ಕಣ್ಣು ಕಿವಿ ಇದ್ದವರಿಗೆಲ್ಲ ಅದು ಏರಲೇಬೇಕು.

ಇನ್ನು ಸುದ್ದಿ. ಬೆಟ್ಟದ ಕಚೇರಿಯವರು ಇಪ್ಪತ್ತೆಂಟನೇ ತಾರೀಖು ಗುರುವಾರ ಸಭೆ ಸೇರುತ್ತಾರೆ. ನಿನ್ನ ಗೈಡ್ ಲೈಸೆನ್ಸನ್ನು ವಾಪಸ್ ಕೊಡುವುದೋ, ಪೂರ್ತಿ ರದ್ದು ಮಾಡುವುದೋ ಅವತ್ತೇ ತೀರ್ಮಾನ. ರದ್ದಾದರೆ ಈ ಬೆಟ್ಟ ಮಾತ್ರವಲ್ಲ, ಯಾವ ಬೆಟ್ಟದಲ್ಲೂ ನಾಲ್ಕು ಜನರನ್ನು ಹಿಂದೆ ಕರೆದುಕೊಂಡು ನೀನು ಸೈಕಲ್ ಹತ್ತುವ ಹಾಗಿಲ್ಲ. ತೀರ್ಮಾನ ಮಾಡುವ ಮಹಾನುಭಾವರು ಯಾರೆಂದು ನಿನಗೆ ಗೊತ್ತೇ ಇದೆ, ಕಚೇರಿಯ ಎಂಟು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮೂವರು. ಅಪಘಾತದ ಬಗ್ಗೆ ಅವರು ನಡೆಸಿದ ವಿಚಾರಣೆಯ ವರದಿಯನ್ನು ಗೋಡೆಗೆ ಅಂಟಿಸಿದ್ದರು, ಓದಿದೆ. ಇರುವುದು ಒಂದೇ ಪುಟ. ಅದರಲ್ಲಿ ಅರ್ಧ ಪುಟ ಅವರ ಹುದ್ದೆ, ಸೀಲು, ಸಹಿ. ಉಳಿದ ಅರ್ಧದಲ್ಲಿ, ‘ಮೂರನೇ ದಾರಿಯ ತಿರುವಿನ ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ಹೋಗಲು ಯಾವ ವ್ಯವಸ್ಥೆಯೂ ಇರಲಿಲ್ಲ, ಇತ್ತೆಂಬ ಗೈಡ್ ಹೇಳಿಕೆ ಸುಳ್ಳು’ ಎಂದಿದೆ. ಸುಳ್ಳು ಎಂಬುದರ ಕೆಳಗೆ ಸ್ಕೇಲ್ ಇಟ್ಟು ಗೆರೆ ಬೇರೆ ಎಳೆದಿದ್ದಾರೆ. ಜೀವಮಾನದಲ್ಲಿ ಅವರು ನೆಟ್ಟಗೆ ಮಾಡಿದ ಕೆಲಸ ಅದೊಂದೇ ಇರಬೇಕು.

ನಿನ್ನ ಜಾಗಕ್ಕೆ ಒಬ್ಬ ಬಂದಿದ್ದಾನೆ. ಕಿತ್ತಳೆ ಬಣ್ಣದ ಕನ್ನಡಕವನ್ನು ಸದಾ ಹಣೆಯ ಮೇಲೆ ಏರಿಸಿಕೊಂಡು ತಿರುಗುತ್ತಾನೆ. ಅದನ್ನು ಕಣ್ಣಿಗೆ ಇಳಿಸಿದ್ದನ್ನು ನಾನಂತೂ ನೋಡಿಲ್ಲ, ಹಾಗಾಗಿ ಅವನಿಗೆ ಕನ್ನಡಕ ಎಂದೇ ಹೆಸರಿಟ್ಟಿದ್ದೇನೆ. ಬಾಡಿಗೆ ಸೈಕಲ್ಲಿನ ಶೆಡ್ಡಿನ ಮುಂದೆ ನಿಂತು ಬಂದವರಿಗೆಲ್ಲ, "ಇವತ್ತು ನಿಮ್ಮ ಲೈಫೇ ಚೇಂಜ್ ಆಗತ್ತೆ" ಎನ್ನುತ್ತಾನೆ. ಮೊನ್ನೆ ಹಾಗೆ ಅನ್ನಿಸಿಕೊಂಡ ಹೆಂಗಸಿನ ಹಿಂದಿನ ಚಕ್ರದಲ್ಲಿ ಗಾಳಿಯೇ ಇರಲಿಲ್ಲ, ಅದು ಆ ಮಹಾರಾಯನ ಕಣ್ಣಿಗೆ ಬೀಳಲಿಲ್ಲ. ಬೆಳಿಗ್ಗೆ ದಾರಿ ತಪಾಸಣೆ ಮಾಡುವುದೂ ಉಂಟು. ವ್ಯಾನಿನಲ್ಲಿ ಮೇಲೆ ಹೋಗಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಸುಂಯ್ಯನೆ ಕೆಳಗಿಳಿದು ಪುಸ್ತಕದಲ್ಲಿ ಟಿಕ್ ಹಾಕುತ್ತಾನೆ. ನೀನು ಕೆಳಗಿನಿಂದ ಮೇಲಕ್ಕೆ ನಡೆದು, ಒಂದೊಂದು ಕಲ್ಲನ್ನೂ ಕಾಲಿನಿಂದ ಅಲ್ಲಾಡಿಸಿ ನೋಡುತ್ತಿದ್ದೆ. ಬೂಟು ಸವೆಸುತ್ತೀಯ ಎಂದು ನಾನು ಗೇಲಿ ಮಾಡುತ್ತಿದ್ದೆ. ಈ ಕನ್ನಡಕ ಹೋದ ತಿಂಗಳು ಯಂತ್ರ ತರಿಸಿ ಮೂರನೇ ದಾರಿಯನ್ನು ಅಗಲ ಮಾಡಿಸಿದ. ಆ ತಿರುವಿನ ಹತ್ತಿರ ಗುರುತಿಗಿದ್ದ ದೊಡ್ಡ ಬಂಡೆಯನ್ನು ಉರುಳಿಸಿ, ಎರಡು ಮರ ಕಡಿಸಿದ. ಈಗ ಅದು ಎಮ್ಮೆ ಹೊರಳಾಡಿ ಎದ್ದ ಜಾಗದ ಹಾಗಿದೆ. ಶೆಡ್ಡಿನ ಮ್ಯಾನೇಜರ್ ಅದರ ಮುಂದೆ ನಿಂತು ಹಲ್ಲು ಕಿರಿದುಕೊಂಡು ಫೋಟೋ ತೆಗೆಸಿಕೊಂಡಿದ್ದಾನೆ. ಆ ದಾರಿಯಲ್ಲಿ ಅವನು ಸೈಕಲ್ಲಿನಲ್ಲಿರಲಿ, ಕುಂಡೆಯೂರಿಕೊಂಡೂ ಒಂದು ಸಲ ಇಳಿದವನಲ್ಲ.

ಪ್ರವಾಸಿಗರ ವಿಷಯ ಕೇಳಬೇಡ. ಮೇಲೆ ಹೋಗಲು ವ್ಯಾನು ಬೇಕು, ಕೆಳಗೆ ಬರಲು ಮಾತ್ರ ಸೈಕಲ್ಲು. ಅಷ್ಟಕ್ಕೇ ಬೆಟ್ಟ ಗೆದ್ದವರ ಹಾಗೆ ಶೆಡ್ಡಿನ ಮುಂದೆ ಕಾಲು ಚಾಚಿ ಕೂತು ಒಬ್ಬರ ಬೆನ್ನನ್ನು ಒಬ್ಬರು ತಟ್ಟಿಕೊಳ್ಳುತ್ತಾರೆ. ನಿನ್ನೆ ಒಬ್ಬ ಬಂದು ನನ್ನನ್ನು ನಿಲ್ಲಿಸಿ, "ಯಜಮಾನ್ರೇ, ಇಲ್ಲಿ ಮಣ್ಣಾಗದೇ ಇರೋ ದಾರಿ ಯಾವ್ದು?" ಎಂದು ಕೇಳಿದ. ನಿಮ್ಮ ಮನೆಯ ಹಜಾರ ಎಂದು ಹೇಳಿ ಬಂದೆ. ಶುಕ್ರವಾರ ಸಂಜೆ ನೀನು ಊರವರಿಗಾಗಿ ನಡೆಸುತ್ತಿದ್ದ ಸವಾರಿಯನ್ನು ಕನ್ನಡಕ ನಿಲ್ಲಿಸಿಬಿಟ್ಟಿದ್ದಾನೆ, ಊರವರು ಕೆಳಗೆ ಬಂದ ಮೇಲೆ ಟೀ ಶರ್ಟು ಕೊಳ್ಳುವುದಿಲ್ಲವಂತೆ. ಮೂಲೆ ಮನೆಯ ದರ್ಜಿ ಹೆಂಗಸು, ಐವತ್ತೆರಡನೇ ವಯಸ್ಸಿನಲ್ಲಿ ನಿನ್ನಿಂದ ಸೈಕಲ್ ಕಲಿತಳಲ್ಲ, ಅವಳು ಶುಕ್ರವಾರ ಬಂತೆಂದರೆ ಅಂಗಡಿ ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತಾಳೆ. ನನ್ನನ್ನು ಕಂಡರೆ "ಮಗಳು ಯಾವಾಗ ಬರ್ತಾಳೆ ಮೇಸ್ತ್ರಿಗಳೇ?" ಎಂದು ಕೇಳುತ್ತಾಳೆ. ಅದಕ್ಕೇ ನಾನೀಗ ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಹಾಲು ತರುತ್ತಿದ್ದೇನೆ.

ಸರಿ, ಅಪಘಾತವಾದ ಆ ಬುಧವಾರದ ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದಾನೆ ಮುದುಕ ಎಂದುಕೊಳ್ಳಬೇಡ, ನನಗೆ ಎಷ್ಟು ಗೊತ್ತಿದೆ ಎಂಬುದು ನಿನಗೆ ಗೊತ್ತಿಲ್ಲ. ಸೋಮವಾರ, ಮಂಗಳವಾರ ನಿನಗೆ ರಜೆ. ಮಂಗಳವಾರ ರಾತ್ರಿ ಜೋರು ಮಳೆ. ಬುಧವಾರ ಬೆಳಿಗ್ಗೆ ನೀನು ಮೊದಲಿನ ಎರಡು ದಾರಿ ನಡೆದು ನೋಡಿ ಬಂದೆ, ಟೂರಿನವರನ್ನು ಅಲ್ಲಿಗೇ ಕರೆದೊಯ್ಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವರಲ್ಲಿದ್ದ ಆ ಹಲ್ಲಿನ ಡಾಕ್ಟರಿಗೆ ಶೌರ್ಯ ಉಕ್ಕಿತು, ತನಗೆ ಕಷ್ಟದ ದಾರಿಯೇ ಬೇಕೆಂದ. ಮೂರನೆಯದನ್ನು ನೋಡಿಲ್ಲ, ಬೇಡ ಎಂದೆ ನೀನು. "ದೂರದಿಂದ ಬಂದಿದ್ದಾರಮ್ಮ" ಎಂದ ಮ್ಯಾನೇಜರ್. ತಿರುವಿನಲ್ಲಿ ಕೆಸರು ನಿಂತಿತ್ತು, ಡಾಕ್ಟರ ಭುಜದ ಮೂಳೆ ಮುರಿಯಿತು. ಎರಡು ದಿನ ಬಿಟ್ಟು ಆ ಮೂವರು ಮೇಲೆ ಹತ್ತಿ ಬಂದಾಗ ನೀನು ಹೇಳಿದೆ: ತಿರುವಿಗಿಂತ ಮೇಲೆ ಅಡ್ಡಕ್ಕೆ ಒಂದು ತಗ್ಗು ಮಾಡಿದ್ದೆ, ಮೇಲಿಂದ ಬಂದ ನೀರು ಅಲ್ಲಿಗೆ ಇಳಿದು ಪಕ್ಕದ ಕಾಡಿಗೆ ಹೋಗುತ್ತಿತ್ತು, ಅದನ್ನು ಯಾರೋ ಮುಚ್ಚಿದ್ದಾರೆ. ಅವರು ಬೂಟಿನ ತುದಿಯಲ್ಲಿ ಎರಡು ಸಲ ಕೆರೆದರು. ನೆಲ ಗಟ್ಟಿಯಿತ್ತು. ಫೋಟೋ ಇದೆಯಾ ಎಂದರು. ತೆರೆದು ತಿಂಗಳೂ ಆಗದ ದಾರಿ, ಬಂದವರೆಲ್ಲ ತಮ್ಮ ಮುಖದ ಫೋಟೋ ತೆಗೆದಿದ್ದರೇ ಹೊರತು ನೆಲದ್ದನ್ನು ತೆಗೆದವರಿಲ್ಲ. "ಬೆಟ್ಟ ಹತ್ತಿ ಬಂದು ಗುಂಡಿ ಮುಚ್ಚೋ ಹುಚ್ಚ ಯಾರಮ್ಮಾ?" ಎಂದು ಒಬ್ಬ ನಕ್ಕನಂತೆ. ಆ ರಾತ್ರಿ ಊಟಕ್ಕೆ ಕೂತಾಗ ನೀನು ಇದನ್ನೆಲ್ಲ ಹೇಳಿದೆ.

ಆ ಹುಚ್ಚ ನಾನು, ಪುಟ್ಟಿ.

ಎಷ್ಟೋ ಸಲ ಕರೆದಿದ್ದೆ ನನ್ನನ್ನು, "ಒಂದ್ಸಲ ಬಂದು ನೋಡಪ್ಪ" ಎಂದು. ರಸ್ತೆ ಮಾಡಿದವನು ನಾನು, ನೆಲ ಕೆರೆದದ್ದನ್ನು ಏನು ನೋಡಲಿ ಎಂದು ಮೂಗು ಮುರಿಯುತ್ತಿದ್ದೆ. ಅಪಘಾತಕ್ಕೆ ಮೊದಲಿನ ಭಾನುವಾರ ಯಾರಿಗೂ ಹೇಳದೆ ಹತ್ತಿದೆ. ನೋಡುತ್ತಾ ನೋಡುತ್ತಾ ಹೆಮ್ಮೆಯಾಯಿತು. ಕಲ್ಲು ಕೂರಿಸಿದ ರೀತಿ, ಅಂಚು ಕಟ್ಟಿದ ರೀತಿ, ನನ್ನ ಗ್ಯಾಂಗಿನ ಹತ್ತು ಗಂಡಸರಿಗೆ ಬರುತ್ತಿರಲಿಲ್ಲ. ತಿರುವು ದಾಟಿ ಸ್ವಲ್ಪ ಮೇಲೆ ಹೋದೆ, ದಾರಿಯ ನಡುವೆ ಆ ತಗ್ಗು ಕಂಡಿತು. ಮೂವತ್ತನಾಲ್ಕು ವರ್ಷ ರಸ್ತೆಯ ಗುಂಡಿ ಮುಚ್ಚಿದವನ ಕಣ್ಣಿಗೆ ಏನು ಕಾಣಬೇಕೋ ಅದೇ ಕಂಡಿತು. ಎಲ್ಲ ಚೆನ್ನಾಗಿ ಮಾಡಿ ಇದೊಂದನ್ನು ಬಿಟ್ಟಿದ್ದಾಳೆ, ಯಾರಾದರೂ ಬಿದ್ದರೆ ಕೆಟ್ಟ ಹೆಸರು ಬರುತ್ತದೆ ಎಂದುಕೊಂಡೆ. ನನ್ನ ಮಂಡಿ ಸೋತಿತ್ತು, ಅಲ್ಲಿಂದಲೇ ಇಳಿದುಬಿಟ್ಟೆ. ಆ ಮೂವರ ಹಾಗೆ ಅಲ್ಲಿಗೇ ನಿಲ್ಲದೆ ಇನ್ನೊಂದು ಇನ್ನೂರು ಹೆಜ್ಜೆ ಹತ್ತಿದ್ದರೆ ಅಂಥದೇ ಇನ್ನೂ ನಾಲ್ಕು ತಗ್ಗು ಕಾಣುತ್ತಿದ್ದವು, ಇದು ಬಿಟ್ಟದ್ದಲ್ಲ, ಬೇಕೆಂದೇ ಮಾಡಿದ್ದು ಎಂದು ಕತ್ತೆಗೂ ತಿಳಿಯುತ್ತಿತ್ತು. ಸೋಮವಾರ ಗುದ್ದಲಿ, ಬುಟ್ಟಿ, ಮಣ್ಣು ಗಟ್ಟಿಸುವ ದಿಮ್ಮಸು ಹೊತ್ತು ಹೋದೆ. ಮೂರು ಪದರ ಮಣ್ಣು ಹಾಕಿ, ಒಂದೊಂದಕ್ಕೂ ನೀರು ಚಿಮುಕಿಸಿ ಗಟ್ಟಿಸಿ, ಮೇಲೆ ಒಣಗಿದೆಲೆ ಹರಡಿ ಬಂದೆ. ಎಲ್ಲಿಗೆ ಹೋಗಿದ್ದಿರಿ ಎಂದು ಅಮ್ಮ ಕೇಳಿದಳು, ವಾಕಿಂಗ್ ಎಂದೆ. ನೀನು ಇನ್ನೊಂದು ಸಲ ನಿನ್ನ ದಾರಿಯ ಬಗ್ಗೆ ಜಂಬ ಕೊಚ್ಚಿಕೊಂಡಾಗ ಇದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸಬೇಕೆಂದಿದ್ದೆ. ಎಂಥ ದೊಡ್ಡ ಮನುಷ್ಯ ನೋಡು ನಿಮ್ಮಪ್ಪ.

ಆ ಮೂವರನ್ನು, ಮ್ಯಾನೇಜರನ್ನು, ಕನ್ನಡಕವನ್ನು ಇಷ್ಟು ಹೊತ್ತು ಬೈದೆನಲ್ಲ, ಅವರೆಲ್ಲ ನನ್ನ ಕಾಲ ಧೂಳಿಗೂ ಸಮವಲ್ಲ, ಅಯೋಗ್ಯತನದಲ್ಲಿ. ಅವರು ಗೊತ್ತಿಲ್ಲದೆ ನಿನ್ನನ್ನು ಸುಳ್ಳಿ ಎಂದರು. ನಾನು ಗೊತ್ತಿದ್ದೂ ಅಂದೆ. ನೀನು ತಟ್ಟೆಯ ಮುಂದೆ ಕೂತು ನೀರಿನ ವಿಷಯ ವಿವರಿಸಿದಾಗಲೇ ನನಗೆ ಎಲ್ಲ ತಿಳಿದುಹೋಯಿತು. ಆದರೂ ಈ ಬಾಯಿ ಏನೆಂದಿತು? "ಇಲ್ಲದ್ದನ್ನ ಇತ್ತು ಅಂತ ಯಾಕೆ ಹಟ ಮಾಡ್ತೀಯ? ತಪ್ಪಾಯ್ತು ಅಂದ್ಬಿಡು, ಮುಗೀತು." ನೀನು ಎದ್ದು ತಟ್ಟೆ ತೊಳೆದಿಟ್ಟೆ. ಬೆಳಿಗ್ಗೆ ಬ್ಯಾಗು ಹಿಡಿದು ಹೊರಟೆ. ಊರಿಡೀ ಮೇಸ್ತ್ರಿಗಳೇ, ಮೇಸ್ತ್ರಿಗಳೇ ಎಂದು ಕರೆಯುತ್ತಾರೆ. ಕ್ಷೌರದ ಅಂಗಡಿಯಲ್ಲಿ ಕೂತು, ನೀರು ಯಾವ ಕಡೆ ಹರಿಯುತ್ತದೆಂದು ನೋಡದವನು ರಸ್ತೆಗೆ ಕೈ ಹಾಕಬಾರದು ಎಂದು ಭಾಷಣ ಬಿಗಿದವನು ನಾನು. ಮಗಳು ಅದನ್ನು ನೋಡಿ ಮಾಡಿದ್ದಳು, ಅಪ್ಪ ನೋಡದೆ ಮುಚ್ಚಿದ ಎಂದು ಗೊತ್ತಾದರೆ ನಗುತ್ತಾರೆಂದು ಬಾಯಿಗೆ ಬೀಗ ಹಾಕಿಕೊಂಡೆ. ನಾಲ್ಕು ಜನ ನಕ್ಕಾರು ಎಂದು ಮಗಳ ಅನ್ನ ಕಿತ್ತುಕೊಂಡ ತಂದೆಯನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು. ನಿನಗೆ ತಿಳಿದರೆ ಬರೆ, ಕೇಳಿಸಿಕೊಳ್ಳುತ್ತೇನೆ.

ಶುಕ್ರವಾರ ಗೋಡೆಯ ಮೇಲಿನ ಆ ವರದಿ ಓದಿ ಬಂದ ಮೇಲೆ ಅಮ್ಮನಿಗೆ ಹೇಳಿದೆ. ಅವಳು ಊಟ ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಗೆ ಹಾಕಿ, ನನ್ನ ತಟ್ಟೆ ಎತ್ತಿಕೊಂಡು, "ಮೊದ್ಲು ಆಫೀಸ್‌ಗೆ ಬರ್ಕೊಡಿ, ಆಮೇಲೆ ಮಗಳಿಗೆ ಬರೀರಿ, ಆಮೇಲೆ ಊಟ" ಎಂದಳು. ನಿನ್ನೆ ಬೆಳಿಗ್ಗೆ ಹೋಗಿ ಎರಡು ಪುಟ ಬರೆದು, ಹೆಬ್ಬೆಟ್ಟನ್ನೂ ಒತ್ತಿ, ಸಹಿಯನ್ನೂ ಹಾಕಿ ಕೊಟ್ಟಿದ್ದೇನೆ. ಗುಮಾಸ್ತ ಅದನ್ನು ಓದಿ ಬಾಯಿ ಮೇಲೆ ಕೈ ಇಟ್ಟುಕೊಂಡ. ನಗು ತಡೆಯಲು ಇರಬೇಕು. ನಗಲಿ. ನಾಳೆ ಬೆಳಿಗ್ಗೆ ಕಚೇರಿಯ ಇಂಜಿನಿಯರು ನನ್ನ ಜೊತೆ ಮೇಲೆ ಬರುತ್ತಾನೆ. ಅಗೆದಾಗ ಒಂದರ ಮೇಲೊಂದು ತುಂಬಿದ ಮಣ್ಣಿನ ಪದರ ಕಂಡರೆ ಸಾಕು, ಮಗಳ ಮಾತು ನಿಜವೆಂದು ತಾನೇ ವರದಿ ಕೊಡುತ್ತೇನೆ ಎಂದಿದ್ದಾನೆ. ಅರ್ಧ ಗಂಟೆಯ ಕೆಲಸ. ನಾನು ಮುಚ್ಚಿದ್ದು ನನಗೆ ಗೊತ್ತಿಲ್ಲವೇ? ಇದಕ್ಕಾಗಿ ನೀನು ರಜೆ ಹಾಕಿ ಬರಬೇಕಾದ್ದೇನೂ ಇಲ್ಲ. ನನ್ನ ಮುಖ ನೋಡುವ ಕಷ್ಟವೂ ಬೇಡ. ಲೈಸೆನ್ಸು ಅಂಚೆಯಲ್ಲಿ ನಿನ್ನ ಕೈ ಸೇರುತ್ತದೆ, ಆಮೇಲೆ ಯಾವ ಬೆಟ್ಟಕ್ಕೆ ಹೋಗಬೇಕೆನಿಸುತ್ತದೋ ಹೋಗು.

ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಮುಖವಿಲ್ಲ. ನಿನ್ನ ಮೇಲೆ ನನಗೆ ಜೀವ, ಅದನ್ನು ಇಷ್ಟು ವರ್ಷ ಕೊಂಕು ಮಾತಿನಲ್ಲೇ ಹೇಳಿದೆ. ಆ ಭಾನುವಾರ ನಿನ್ನ ದಾರಿ ನೋಡಿ ನನಗಾದ ಸಂತೋಷವನ್ನು ಮನೆಗೆ ಬಂದು ನಿನ್ನ ಮುಂದೆ ಬಾಯಿಬಿಟ್ಟು ಹೇಳಿದ್ದರೆ, ನೀನು ಆ ತಗ್ಗಿನ ಮಾತನ್ನೂ ಎತ್ತುತ್ತಿದ್ದೆ, ಇದ್ಯಾವುದೂ ಆಗುತ್ತಿರಲಿಲ್ಲ. ಅಮ್ಮ ಸ್ವೆಟರ್ ಹೆಣೆದಿಟ್ಟಿದ್ದಾಳೆ, ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ದರ್ಜಿ ಹೆಂಗಸು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹತ್ತಿದ ಬೆಟ್ಟವೆಲ್ಲ ನಿನ್ನನ್ನು ಸುಖವಾಗಿ ಕೆಳಗಿಳಿಸಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಸೋಮವಾರ ಮಧ್ಯಾಹ್ನ, ಪೋಸ್ಟ್ ಆಫೀಸಿನ ಕಟ್ಟೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಚೀಲ ಕಟ್ಟುತ್ತಿದ್ದಾರೆ. ಬರಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಿದೆ ಎಂದು ತಿಳಿ. ಇಂಜಿನಿಯರನ್ನು ಕರೆದುಕೊಂಡು ಹೋದೆ, ನನಗೆ ಜಾಗ ಸಿಗಲಿಲ್ಲ. ಬಂಡೆಯಿಲ್ಲ, ಮರವಿಲ್ಲ, ದಾರಿಯ ಅಂಚೂ ಮೊದಲಿನದಲ್ಲ, ಮೇಲಿನ ನಾಲ್ಕು ತಗ್ಗೂ ಯಂತ್ರದಡಿ ಸಮವಾಗಿವೆ, ಸಾಲದ್ದಕ್ಕೆ ಸುತ್ತಲಿನ ನೆಲದಷ್ಟೇ ಗಟ್ಟಿಯಾಗಿ ತುಂಬಿಟ್ಟಿದ್ದೇನೆ. ಐದು ಕಡೆ ಅಗೆದೆ, ಎಲ್ಲ ಕಡೆಯೂ ಹಳೆಯ ಮಣ್ಣು. ಅವನು ಗಡಿಯಾರ ನೋಡಿ, "ಅಪ್ಪ ಅಲ್ವಾ, ಮಗಳಿಗೋಸ್ಕರ ಹೇಳೇ ಹೇಳ್ತೀರ" ಎಂದು ನನ್ನ ಭುಜ ತಟ್ಟಿ ಇಳಿದುಹೋದ. ಸತ್ಯ ಹೇಳಿ ಸುಳ್ಳನೆನಿಸಿಕೊಂಡೆ, ಪುಟ್ಟಿ. ನೀನು ಹೋದಾಗ ಹೇಗೆ ಹೋದೆ ಎಂದು ಈಗ ಗೊತ್ತಾಯಿತು. ಬುಧವಾರದೊಳಗೆ ತೋರಿಸಿದರೆ ಇನ್ನೊಂದೇ ಒಂದು ಸಲ ಹತ್ತುತ್ತೇನೆ ಎಂದಿದ್ದಾನೆ. ಇಪ್ಪತ್ತೇಳು, ಬುಧವಾರ. ಅದು ಎಲ್ಲಿತ್ತೆಂದು ಬಲ್ಲವಳು ಜಗತ್ತಿನಲ್ಲಿ ನೀನೊಬ್ಬಳೇ. ಮನೆಗೆ ಬರಬೇಡ, ನನ್ನ ಜೊತೆ ಮಾತೂ ಆಡಬೇಡ, ಆ ತಿರುವಿಗೆ ಬಾ. ಕಾಲಿನಲ್ಲಿ ಗೆರೆ ಎಳೆದು ತೋರಿಸು ಸಾಕು, ಅಗೆಯುವುದು ನಾನು.